ವಿಲ್ಮಟ್ ಅತ್ತೆಯ ದಾರಿಗಲ್ಲು

ಎಲಿಜಬೆತ್ ರಾಣಿಗೆ ವಯಸ್ಸಾಗಿದ್ದ ಕಾಲದ ಒಂದು ಮೇ ತಿಂಗಳಲ್ಲಿ, ಕಾರ್ನ್‌ವಾಲ್‌ನ ದಕ್ಷಿಣ ದಂಡೆಯ ಪೋಲ್ಮಾರ್ಥ್ ಬಂದರಿನಲ್ಲಿ, ವಿಲ್ಮಟ್ ಹಿಕ್ಸ್ ಎಂಬ ವಿಧವೆ ಮಧ್ಯಾಹ್ನದ ಬಾರ್ಲಿ ರೊಟ್ಟಿಯ ಜೊತೆ ಒಂದು ಹಿಡಿ ಕಾಡುಬೆಳ್ಳುಳ್ಳಿಯ ಸೊಪ್ಪು ತಿಂದಳು. ಚರಿತ್ರೆ ಬರೆಯುವವರು ಆ ವರ್ಷದ ಯುದ್ಧಗಳನ್ನೂ ಸಂಧಾನಗಳನ್ನೂ ದಾಖಲಿಸಿ ಈ ಸಂಗತಿಯನ್ನು ಕೈಬಿಟ್ಟಿದ್ದಾರೆ. ಬಿಡಬಾರದಿತ್ತು. ಯುದ್ಧ ನಡೆದದ್ದು ದೂರದಲ್ಲಿ. ಸೊಪ್ಪು ತಿಂದದ್ದು ಬಂದರಿನ ಸೂಜಿಗಲ್ಲನ್ನು ಇಟ್ಟುಕೊಂಡ ಮನೆಯಲ್ಲಿ.

ನಾವು ಸೂಜಿಗಲ್ಲು ಎನ್ನುವುದನ್ನು ಆ ಜನ ಲೋಡ್‌ಸ್ಟೋನ್ ಎನ್ನುತ್ತಿದ್ದರು. ಹಡಗಿನ ದಿಕ್ಸೂಚಿಯ ಸೂಜಿಗೆ ಕಾಲಕ್ರಮದಲ್ಲಿ ಸತ್ವ ಇಳಿಯುತ್ತದೆ. ಆಗ ಅದನ್ನು ದಡಕ್ಕೆ ತಂದು, ಈ ಕಲ್ಲಿನಿಂದ ಒಂದೇ ದಿಕ್ಕಿಗೆ ತಿಕ್ಕಿಸಿಕೊಂಡು ಹೋಗಬೇಕು. ಬೆಳ್ಳುಳ್ಳಿಯ ಉಸಿರು ತಗುಲಿದರೆ ಕಲ್ಲೂ ಕೆಡುತ್ತದೆ, ಸೂಜಿಯೂ ಉತ್ತರವನ್ನು ಮರೆಯುತ್ತದೆ ಎಂಬುದು ಆ ದಂಡೆಯಲ್ಲಿ ಉಪ್ಪು ಉಪ್ಪಗಿದೆ ಎಂಬಷ್ಟೇ ನಿಸ್ಸಂದೇಹವಾದ ಮಾತು. ಚುಕ್ಕಾಣಿ ಹಿಡಿಯುವವನು ಬೆಳ್ಳುಳ್ಳಿ, ಈರುಳ್ಳಿ ಮುಟ್ಟುವಂತಿರಲಿಲ್ಲ. ಹೆಂಡತಿ ಮಾಡಿದ ಸಾರಿನಲ್ಲಿ ಎಸಳೊಂದು ತೇಲಿದ್ದಕ್ಕೆ ಕೆಲಸ ಕಳೆದುಕೊಂಡವರಿದ್ದರು. ಅವರಲ್ಲಿ ಒಬ್ಬ ಹೆಂಡತಿಯನ್ನು ಮಾತಾಡಿಸುವುದನ್ನೇ ಬಿಟ್ಟಿದ್ದ.

ವಿಲ್ಮಟ್ ಈ ಮಾತನ್ನು ನಂಬಿರಲಿಲ್ಲ. ಅವಳ ಗಂಡ ಬದುಕಿದ್ದಷ್ಟು ದಿನವೂ ಬೆಳ್ಳುಳ್ಳಿ ತಿಂದು, ಮೇಲೆ ಪಾರ್ಸ್ಲಿ ಸೊಪ್ಪು ಅಗಿದು ವಾಸನೆ ಮುಚ್ಚಿಕೊಂಡು, ದಂಡೆಯ ಅರ್ಧ ಹಡಗುಗಳ ಸೂಜಿ ತಿಕ್ಕಿ ಕಳಿಸಿದ್ದ. ಅವೆಲ್ಲ ಹೋಗಬೇಕಾದಲ್ಲಿಗೆ ಹೋಗಿ ಬಂದಿದ್ದವು. ಅವನು ತೀರಿಕೊಂಡ ಮೇಲೆ ಕಲ್ಲು ಅವಳ ಕೈಗೆ ಬಂತು. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ, ಬಾತುಕೋಳಿ ಮೊಟ್ಟೆಯಷ್ಟು ದೊಡ್ಡ, ನೋಡಲು ಏನೂ ಅಲ್ಲದ ಕಂದು ಕಲ್ಲು. ಅದೇ ಅವಳ ಅನ್ನ, ಅದೇ ಅವಳ ಮರ್ಯಾದೆ. ಕೆಲಸ ಅವಳು ಗಂಡನಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಹಾಗೆಂದು ಊರು ಹೇಳುತ್ತಿತ್ತು; ಊರು ಮರೆತಾಗ ಅವಳೇ ನೆನಪಿಸುತ್ತಿದ್ದಳು. ಆ ದಿನ ಮಾತ್ರ ಪಾರ್ಸ್ಲಿ ಅಗಿಯುವುದನ್ನು ಮರೆತಿದ್ದಳು.

ಕಪ್ತಾನ ಪೆಂಟಕೋಸ್ಟ್ ರೌಸ್ ತನ್ನ ಸೂಜಿಯನ್ನು ಒಯ್ಯಲು ಬಾಗಿಲಿಗೆ ಬಂದ. ಅವನ ಹಡಗು ನ್ಯೂಫೌಂಡ್‌ಲ್ಯಾಂಡ್‌ಗೆ ಕಾಡ್ ಮೀನು ಹಿಡಿಯಲು ಹೊರಟು ನಿಂತಿತ್ತು.

"ವಿಲ್ಮಟ್ ಅತ್ತೆ, ಇದೇನು ವಾಸನೆ?"

ಆ ಸೀಮೆಯಲ್ಲಿ ವಯಸ್ಸಾದ ಹೆಂಗಸರೆಲ್ಲ ಅತ್ತೆ, ವಯಸ್ಸಾದ ಗಂಡಸರೆಲ್ಲ ಮಾವ. ಅದಕ್ಕೆ ರಕ್ತಸಂಬಂಧ ಬೇಕಿಲ್ಲ, ಪ್ರೀತಿಯಂತೂ ಬೇಕೇ ಇಲ್ಲ.

"ಊಟದ್ದು," ಎಂದಳು ವಿಲ್ಮಟ್.

"ಯಾವ ಊಟ?"

"ಮಧ್ಯಾಹ್ನದ್ದು. ರಾತ್ರೀದು ಇನ್ನೂ ಆಗಿಲ್ಲ."

ಕಪ್ತಾನ ಮೂಗು ಮುಂದೆ ಮಾಡಿ ಇನ್ನೊಮ್ಮೆ ಎಳೆದು ನೋಡಿದ. ಆಮೇಲೆ ಸಿಡಿಮದ್ದಿನ ಪೀಪಾಯಿಯ ಪಕ್ಕದಲ್ಲಿ ಯಾರೋ ಪಂಜು ಹಿಡಿದು ನಿಂತದ್ದನ್ನು ಕಂಡವನಂತೆ ಹಿಂದೆ ಸರಿದ.

"ಬೆಳ್ಳುಳ್ಳಿ! ಬೆಳ್ಳುಳ್ಳಿ ತಿಂದು ನನ್ನ ಸೂಜಿ ಮುಟ್ಟಿದೀರಾ?"

"ಸೂಜಿ ಬೆಳಿಗ್ಗೆ ಮುಟ್ಟಿದ್ದು, ಸೊಪ್ಪು ಮಧ್ಯಾಹ್ನ ತಿಂದಿದ್ದು."

"ಉಸಿರು ತಾಗಿರತ್ತೆ. ಹಡಗು ತುಂಬ ಗಂಡಸರನ್ನ ಸಮುದ್ರ ದಾಟಿಸಬೇಕು ನಾನು. ಈ ಸೂಜಿ ನಂಬ್ಕೊಂಡು ಹೋದ್ರೆ ನಮ್ಮ ಶತ್ರು ಸ್ಪೇನಿನವರ ಮನೆ ಅಂಗಳದಲ್ಲಿ ಎದ್ದು ಕೂತಿರ್ತೀನಿ!"

"ಹೋದ್ರೆ ಅಲ್ಲಿ ಊಟ ಚೆನ್ನಾಗಿರತ್ತಂತೆ. ಬೆಳ್ಳುಳ್ಳಿ ಹಾಕ್ತಾರಂತೆ," ಎಂದಳು ವಿಲ್ಮಟ್.

ಈ ಮಾತನ್ನು ಅವಳು ಆಡಬಾರದಿತ್ತು. ಕಪ್ತಾನ ನೇರವಾಗಿ ಅವಳ ಮೈದುನ ಡಿಗರಿಯ ಮನೆಗೆ ಹೋದ. ಡಿಗರಿ ಹಿಕ್ಸ್‌ಗೆ ಅಣ್ಣನ ಮೇಲೆ ಪ್ರೀತಿಯಿತ್ತು, ಅಣ್ಣನ ಕಲ್ಲಿನ ಮೇಲೆ ಇನ್ನೂ ಹೆಚ್ಚು. ಕಲ್ಲು ಅತ್ತಿಗೆಗೆ ಹೋದ ಮೇಲೆ ಅವನು ಪ್ಲಿಮತ್‌ಗೆ ಹೋಗಿ ತನ್ನದೇ ಒಂದು ಕಲ್ಲು ತಂದಿದ್ದ: ಮುಷ್ಟಿ ಗಾತ್ರದ್ದು, ಕರ್ರಗಿನದು, ಎರಡೂ ತುದಿಗೆ ಹಿತ್ತಾಳೆಯ ಟೋಪಿ ಹಾಕಿದ್ದು. ಆದರೆ ಬಂದರಿನಲ್ಲಿ ಸೂಜಿ ತಿಕ್ಕುವ ಹಕ್ಕು ಒಂದೇ ಮನೆಗೆ. ಎರಡನೆಯ ಕಲ್ಲು ಎಷ್ಟೇ ಚಂದವಿದ್ದರೂ ಅದನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ತಿರುಗಬಹುದು, ಅಷ್ಟೆ. ಕಲ್ಲು ಕೆಡಿಸಿದವರ ಹಕ್ಕು ಹೋಗುತ್ತದೆ ಎಂಬ ಕಟ್ಟಳೆ ಡಿಗರಿಗೆ ತನ್ನ ಹೆಂಡತಿಯ ಹೆಸರಿಗಿಂತ ಚೆನ್ನಾಗಿ ನೆನಪಿತ್ತು.

ಮರುದಿನ ದಾರಿಗಾರರ ಸಭೆ ಸೇರಿತು. ಹೊರಗಿನ ಹಡಗುಗಳನ್ನು ಬಂಡೆಗಳ ನಡುವೆ ದಾಟಿಸಿ ಬಂದರಿಗೆ ತರುವವರು ಇವರು. ಊರ ಮಾತಿನಲ್ಲಿ ಲೋಡ್ಸ್‌ಮನ್‌ಗಳು. ಮೀನುಬಲೆ ಒಣಗಿಸುವ ಅಟ್ಟವೇ ಅವರ ನ್ಯಾಯಸ್ಥಾನ. ಹಿರಿಯ ಯೂಡಿ ಕಾರ್ಲಿಯನ್ ಮಗುಚಿದ ಪೀಪಾಯಿಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿತ್ತು, ಆದರೆ ಅಲೆ ಬಂಡೆಗೆ ಬಡಿಯುವ ಸದ್ದಿನಲ್ಲೇ ಅವನು ಬಂಡೆಯ ಹೆಸರು ಹೇಳುತ್ತಿದ್ದ. ಪಾದ್ರಿ ಟ್ರೆಫ್ರಿಯನ್ನೂ ಕರೆಸಿದ್ದರು. ಲ್ಯಾಟಿನ್ ಬಲ್ಲವರೊಬ್ಬರು ಕೂತಿದ್ದರೆ ತೀರ್ಪಿಗೆ ತೂಕ ಬರುತ್ತದೆ ಎಂದು ಅವರ ಎಣಿಕೆ.

"ತಿಂದ್ಯಾ?" ಎಂದು ಕೇಳಿದ ಯೂಡಿ.

"ತಿಂದೆ," ಎಂದಳು ವಿಲ್ಮಟ್.

ಸಭೆ ಸುಸ್ತಾಯಿತು. ಅವಳು ಅಲ್ಲಗಳೆಯುತ್ತಾಳೆ, ಸಾಕ್ಷಿಗಳು ಬರುತ್ತಾರೆ, ಅರ್ಧ ದಿನ ಸಾಗುತ್ತದೆ ಎಂದು ಕುಡಿಯಲು ಏಲ್ ಬಿಯರ್ ತರಿಸಿಟ್ಟಿದ್ದರು.

"ಇವತ್ತೂ ತಿಂದಿದೀನಿ," ಎಂದು ಅವಳು ಸೇರಿಸಿದಳು. "ನೀವೂ ತಿಂದಿದೀರ. ಮೇ ತಿಂಗಳಲ್ಲಿ ನಮ್ಮ ಕಣಿವೆ ಹಸುಗಳು ಏನು ಮೇಯ್ತವೆ? ಕಾಡುಬೆಳ್ಳುಳ್ಳಿ. ನಿಮ್ಮ ಬೆಣ್ಣೆ ಏನು ನಾರತ್ತೆ? ಕಾಡುಬೆಳ್ಳುಳ್ಳಿ. ಕಪ್ತಾನರು ನಿನ್ನೆ ಎರಡು ಪೀಪಾಯಿ ಬೆಣ್ಣೆ ಹಡಗಿಗೆ ಏರಿಸಿದ್ದನ್ನ ನಾನು ನೋಡಿದೀನಿ."

"ಬೆಣ್ಣೆ ಬೇರೆ!" ಎಂದ ಕಪ್ತಾನ.

"ಹೇಗೆ ಬೇರೆ?"

ಕಪ್ತಾನ ಪಾದ್ರಿಯ ಮುಖ ನೋಡಿದ. ಪಾದ್ರಿ ಕೆಮ್ಮಿ, "ಹಸುವಿನ ಹೊಟ್ಟೆಯೊಳಗೆ ಹಾದು ಬರುವಾಗ ದೋಷ ಕಳೀತದೆ," ಎಂದರು. ಸಭೆ ತಲೆಯಾಡಿಸಿತು. ಲ್ಯಾಟಿನ್ ಬಲ್ಲವರು ಇರಬೇಕು ಎನ್ನುವುದು ಇದಕ್ಕೇ.

ಆಗ ಡಿಗರಿ ತನ್ನ ಕಲ್ಲು ತೆಗೆದ. "ಮಾತು ಯಾಕೆ, ಕಣ್ಣಲ್ಲೇ ನೋಡಿ. ಅತ್ತಿಗೆ, ನಿಮ್ಮ ಕಲ್ಲೂ ತೆಗೀರಿ." ಪಾದ್ರಿಯ ಕೈಯಿಂದ ಇಗರ್ಜಿಯ ಕೀಲಿಕೈಗೊಂಚಲು ಇಸಿದುಕೊಂಡು ಹಲಗೆಯ ಮೇಲಿಟ್ಟು, ಕಲ್ಲನ್ನು ಹತ್ತಿರ ತಂದ. ಗೊಂಚಲು ಝಲ್ಲೆಂದು ಮೇಲೆದ್ದು ಅಂಟಿಕೊಂಡಿತು. ಅಟ್ಟದಲ್ಲಿ "ಓಹೋ" ಎಂಬ ಸದ್ದು ಹೊರಟಿತು. ವಿಲ್ಮಟ್‌ಳ ಕಲ್ಲು ಒಂದು ಮೊಳೆಯನ್ನು ಎತ್ತಿತು. ಎರಡನೆಯದನ್ನು ಎತ್ತಲು ಮನಸ್ಸು ಮಾಡಿ, ಬಿಟ್ಟುಬಿಟ್ಟಿತು.

"ನೋಡಿದ್ರಾ? ಬೆಳ್ಳುಳ್ಳಿ ಸತ್ವಾನ ತಿಂದುಹಾಕಿಬಿಟ್ಟಿದೆ," ಎಂದ ಡಿಗರಿ.

"ನಿಮ್ಮಣ್ಣ ಇದ್ದಾಗಲೂ ಅದು ಒಂದೇ ಮೊಳೆ ಎತ್ತುತ್ತಿತ್ತು. ನೀನು ಎಷ್ಟು ಸಲ ನಗಾಡಿಲ್ಲ ಅದಕ್ಕೆ?"

ಪಾದ್ರಿಗೆ ಈಗ ತಡೆಯಲಾಗಲಿಲ್ಲ. "ಎಳೆಯೋದೇ ಈ ಕಲ್ಲಿನ ಧರ್ಮ. ಹೆಸರಲ್ಲೇ ಇದೆ. ವಿದ್ವಾಂಸರು ಇದನ್ನ ಮ್ಯಾಗ್ನೆಸ್ ಅಂತಾರೆ. ಪೂರ್ವಕಾಲದಲ್ಲಿ ಮ್ಯಾಗ್ನೆಸ್ ಅನ್ನೋ ಕುರುಬ ಐಡಾ ಬೆಟ್ಟದಲ್ಲಿ ಕುರಿ ಮೇಯಿಸ್ತಿದ್ದ. ಒಂದಿನ ಅವನ ಚಪ್ಪಲಿ ಮೊಳೆ, ಕೋಲಿನ ಕಬ್ಬಿಣದ ತುದಿ, ಎಲ್ಲ ಒಂದು ಬಂಡೆಗೆ ಅಂಟಿಕೊಂಡ್ವು. ಕುರುಬ ಅಲ್ಲೇ ನಿಂತುಬಿಟ್ಟ."

"ಆಮೇಲೆ ಬಿಡಿಸ್ಕೊಂಡನಾ?" ಎಂದ ಯೂಡಿ.

"ಅದನ್ನ ಬರೆದಿಲ್ಲ."

"ಮತ್ತೆ ಕುರಿಗಳ ಗತಿ?"

"ಕುರಿಗಳ ವಿಷಯವೂ ಬರೆದಿಲ್ಲ. ಕೆಲವರು ಮ್ಯಾಗ್ನೀಷಿಯ ಅನ್ನೋ ಗ್ರೀಕರ ಸೀಮೆಯಿಂದ ಆ ಹೆಸರು ಬಂತು ಅಂತಾರೆ, ಅಲ್ಲಿ ಈ ಕಲ್ಲು ಸಿಕ್ತಿತ್ತಂತೆ. ಏನೇ ಇರಲಿ, ಹೆಚ್ಚು ಎಳೆದದ್ದು ಒಳ್ಳೆ ಕಲ್ಲು."

ವಿಲ್ಮಟ್ ಎದ್ದು ನಿಂತಳು. ಇಂಥ ಹೊತ್ತಿನಲ್ಲಿ ಅವಳಿಗೆ ಮಾತು ತಾನಾಗಿ ಬರುತ್ತಿತ್ತು.

"ಕುರುಬನಿಗೆ ಅದು ಕಾಲು ಹಿಡ್ಕೊಂಡ ಕಲ್ಲು, ಪಾದ್ರಿಗಳೇ. ಅವನು ಹಾಗೇ ಕರೀಲಿ. ನಮ್ಮೋರು ಏನಂತ ಕರೆದ್ರು? ಲೋಡ್‌ಸ್ಟೋನ್. ಯೂಡಿ ಮಾವ, ನಿಮ್ಮಜ್ಜಿ ಲೋಡ್ ಅಂತ ಯಾವುದಕ್ಕೆ ಅಂತಿದ್ಲು?"

"ದಾರಿಗೆ," ಎಂದ ಯೂಡಿ. "ಹೋಗೋ ದಾರಿಗೆ. ಈಗಿನವರ ಬಾಯಲ್ಲಿ ಅದು ಬರೀ ಹೊರೆ."

"ನಿಮ್ಮನ್ನ ಲೋಡ್ಸ್‌ಮನ್ ಅಂತ ಯಾಕೆ ಕರೀತಾರೆ? ನೀವೇನು ಹಡಗನ್ನ ಹೆಗಲ ಮೇಲೆ ಎತ್ತುತ್ತೀರಾ?"

"ಸೊಂಟ ಬಿಟ್ಟುಹೋಗತ್ತೆ. ದಾರಿ ತೋರಿಸ್ತೀವಿ ಅಂತ."

"ಉತ್ತರದ ನಕ್ಷತ್ರಕ್ಕೆ ಲೋಡ್‌ಸ್ಟಾರ್ ಅಂತಾರೆ, ಅದೂ ದಾರಿ ತೋರಿಸತ್ತೆ ಅಂತ. ತವರದ ಗಣಿಯವರನ್ನ ಕೇಳಿ, ನೆಲದೊಳಗೆ ತವರ ಹೋಗಿರೋ ಜಾಡಿಗೆ ಅವರೂ ಲೋಡ್ ಅಂತಾರೆ. ಎಲ್ಲಾ ಕಡೆ ದಾರಿ, ದಾರಿ, ದಾರಿ. ಎತ್ತೋದು ಎಲ್ಲಿ ಬಂತು? ಕೀಲಿಕೈ ಎತ್ತೋಕೆ ಕಲ್ಲು ಬೇಕಿದ್ರೆ ನಮ್ಮ ಹಿರಿಯರು ಕೀಲಿಕೈಗಲ್ಲು ಅಂತ ಹೆಸರಿಡ್ತಿದ್ರು. ಅವರು ಇಟ್ಟ ಹೆಸರಲ್ಲೇ ಪರೀಕ್ಷೆ ಇದೆ. ದಾರಿ ತೋರಿಸಿದ್ರೆ ಕಲ್ಲು ಸರಿ ಇದೆ, ಇಲ್ಲದಿದ್ರೆ ಇಲ್ಲ."

ದಾರಿಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಹೆಸರೂ ಆ ಕಲ್ಲಿನ ಹೆಸರೂ ಒಂದೇ ಬೇರಿನವು ಎಂಬುದು ಅವರಿಗೆ ಹೊಸ ವಿಷಯವೇನಲ್ಲ. ಆದರೆ ಅದನ್ನು ಇನ್ನೊಬ್ಬರ ಬಾಯಲ್ಲಿ ಗಟ್ಟಿಯಾಗಿ ಕೇಳುವುದು ಹಿತವಾಗಿತ್ತು. ಪಾದ್ರಿಯ ಕುರುಬ ಅಟ್ಟದಲ್ಲಿ ಯಾರಿಗೂ ಬೇಡವಾದ.

ಯೂಡಿ ತೀರ್ಮಾನ ಹೇಳಿದ. ಕಪ್ತಾನ ಇನ್ನೂ ಯಾರೂ ತಿಕ್ಕದ ಹೊಸ ಸೂಜಿಯೊಂದನ್ನು ಕೊಡಬೇಕು. ವಿಲ್ಮಟ್ ಎಲ್ಲರೆದುರು ಬೆಳ್ಳುಳ್ಳಿ ತಿಂದು ಅದನ್ನು ತಿಕ್ಕಬೇಕು. ನಾಳೆ ಬೆಳಿಗ್ಗೆ, ಹವೆ ಹೇಗೇ ಇರಲಿ, ಆ ಸೂಜಿಯನ್ನೇ ನಂಬಿ ದೋಣಿಯಲ್ಲಿ 'ಹಸು'ವಿನ ತನಕ ಹೋಗಿ ಬರಬೇಕು. ಹಸು ಎಂದರೆ ಬಂದರಿನ ಆಚೆ ಸಮುದ್ರದಲ್ಲಿರುವ ಬಂಡೆ. ಅಲೆ ಅದರ ಪೊಟರೆಗೆ ನುಗ್ಗಿದಾಗ ಅಂಬಾ ಎಂದು ಕೂಗುತ್ತದೆ. ಅದರ ಪಕ್ಕದಲ್ಲೇ ನೀರಿನ ಮಟ್ಟದಲ್ಲಿ 'ಕರು' ಇದೆ. ಅದು ಕೂಗುವುದಿಲ್ಲ, ದೋಣಿ ಒಡೆಯುತ್ತದೆ.

"ಉಸಿರು ಸಾಲದು," ಎಂದ ಡಿಗರಿ. "ಕಲ್ಲಿಗೇ ಬೆಳ್ಳುಳ್ಳಿ ಅರೆದು ಹಚ್ಚಬೇಕು. ತಪ್ಪಿದ್ರೆ ಹಕ್ಕು ನನ್ನ ಮನೆಗೆ."

"ಹಚ್ಚು ಮಾರಾಯ. ಕಡಿಮೆ ಬಿದ್ರೆ ನನ್ನ ಹಿತ್ತಲಲ್ಲಿ ಇನ್ನೂ ಇದೆ," ಎಂದಳು ವಿಲ್ಮಟ್.

ಹೇಳಿದ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಗಂಡ ಬೆಳ್ಳುಳ್ಳಿ ತಿಂದಿದ್ದ ನಿಜ, ಆದರೆ ಕಲ್ಲಿಗೆ ತಿನ್ನಿಸಿರಲಿಲ್ಲ. ಆದರೂ ಮಾತು ಆಡಿಯಾಗಿತ್ತು. ಹಸಿರು ರಸ ಜಿನುಗುವ ಕಲ್ಲನ್ನು ಕೈಯಲ್ಲಿ ಹಿಡಿದು, ಬಾಯಲ್ಲಿ ಎಸಳು ಜಗಿಯುತ್ತ, ಅವಳು ಸೂಜಿಯನ್ನು ನಡುವಿನಿಂದ ತುದಿಗೆ, ನಡುವಿನಿಂದ ತುದಿಗೆ ತಿಕ್ಕಿದಳು. ಸಭೆ ಮೂಗು ಮುಚ್ಚಿಕೊಂಡು ನೋಡಿತು. ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಪಕ್ಕದ ಮನೆಯವರಿಗೆ ಗೊರಕೆ ಕೇಳಿತ್ತು.

ಬೆಳಿಗ್ಗೆ ಮಂಜು ಕವಿದಿತ್ತು. ಕಟ್ಟೆಯ ತುದಿ ಬಿಟ್ಟೊಡನೆ ಊರು ಒರೆಸಿಹಾಕಿದಂತೆ ಮಾಯವಾಯಿತು. ಹುಟ್ಟು ಹಾಕಲು ಇಬ್ಬರು ಬೆಸ್ತರು, ಮುಂತುದಿಯಲ್ಲಿ ಡಿಗರಿ, ಹಿಂದೆ ಚುಕ್ಕಾಣಿಯಲ್ಲಿ ಕಪ್ತಾನ. ಅವನ ಮುಂದೆ ಮರದ ಪೆಟ್ಟಿಗೆಯಲ್ಲಿ ದಿಕ್ಸೂಚಿ, ಅದರ ಎರಡು ಬದಿಗೆ ಯೂಡಿ ಮತ್ತು ವಿಲ್ಮಟ್. ಅವಳ ಬಾಯಲ್ಲಿ ಆಗಲೂ ಎಸಳಿತ್ತು. ಕಪ್ತಾನ ಗಾಳಿ ಬರುವ ಕಡೆಗೆ ಮುಖ ತಿರುಗಿಸಿಕೊಂಡೇ ಇದ್ದ.

ಸೂಜಿ ಅಲುಗದೆ ನಿಂತಿತ್ತು. ಕಪ್ತಾನ ಅದರ ಮೇಲೆ ಕಣ್ಣಿಟ್ಟು, ಅರೆಮನಸ್ಸಿನಿಂದ, ಆಗ್ನೇಯಕ್ಕೆ ದೋಣಿ ನಡೆಸಿದ.

"ನಡೀತಾ ಇದೆಯಾ ಅತ್ತಿಗೆ ನಿಮ್ಮ ಸೂಜಿ?" ಎಂದು ಮುಂದಿನಿಂದ ಡಿಗರಿ ಕೂಗಿದ.

"ನೀನು ಹುಟ್ಟೋಕೆ ಮುಂಚೆಯಿಂದ ಉತ್ತರ ಅಲ್ಲೇ ಇದೆ, ಸುಮ್ಮನೆ ಕೂತ್ಕೋ."

ಸುಮ್ಮನೆ ಕೂರುವುದು ಡಿಗರಿಗೆ ಆಗದ ಕೆಲಸ. ಅತ್ತಿಗೆಯ ಸೋಲನ್ನು ಹತ್ತಿರದಿಂದ ನೋಡುವ ಆಸೆಗೆ, ಹುಟ್ಟು ಹಾಕುವವರನ್ನು ದಾಟಿ ಹಿಂದಕ್ಕೆ ಬಂದು, ದಿಕ್ಸೂಚಿಯ ಪಕ್ಕ ಬಗ್ಗಿದ. ಸೂಜಿ ಒಮ್ಮೆ ನಡುಗಿ, ನಿಧಾನವಾಗಿ ಪಕ್ಕಕ್ಕೆ ತಿರುಗಿತು.

"ಬೆಳ್ಳುಳ್ಳಿ!" ಎಂದು ಕಪ್ತಾನ ಚೀರಿದ. "ಕೆಲಸ ಶುರು ಮಾಡ್ತು! ಉತ್ತರ ಓಡಿಹೋಯ್ತು!"

"ನಾ ಹೇಳಿರಲಿಲ್ವಾ?" ಎಂದ ಡಿಗರಿ, ಇನ್ನಷ್ಟು ಬಗ್ಗಿ. ಸೂಜಿ ಇನ್ನಷ್ಟು ತಿರುಗಿತು.

ಒಂದು ಉಸಿರಿನಷ್ಟು ಹೊತ್ತು ವಿಲ್ಮಟ್‌ಳ ಬಾಯಿ ಜಗಿಯುವುದನ್ನು ನಿಲ್ಲಿಸಿತು. ಸುತ್ತ ಬಿಳಿಯ ಮಂಜು ಬಿಟ್ಟರೆ ಏನೂ ಇಲ್ಲ. ಎಲ್ಲೋ ಹತ್ತಿರದಲ್ಲಿ ನೀರು ಕಲ್ಲನ್ನು ನೆಕ್ಕುವ ಸದ್ದು.

"ಕರು," ಎಂದ ಯೂಡಿ ಮೆಲ್ಲಗೆ. "ಬಲಕ್ಕಿದೆ. ಬೇಗ ಏನಾದ್ರೂ ಹೇಳಿ."

"ವಾಪಸ್ ತಿರುಗಿಸ್ತೀನಿ," ಎಂದ ಕಪ್ತಾನ.

"ಯಾವ ಕಡೆ ತಿರುಗಿಸ್ತೀರಿ, ವಾಪಸ್ ಎಲ್ಲಿದೆ ಅಂತ ಗೊತ್ತಾ?" ಎಂದಳು ವಿಲ್ಮಟ್. ಅವಳ ಕಣ್ಣು ಸೂಜಿಯ ಮೇಲೇ ಇತ್ತು. ಸತ್ವ ಇಳಿದ ಸೂಜಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವು ಕುಡಿದವರ ಹಾಗೆ ತೂಗಾಡುತ್ತವೆ, ಎಲ್ಲಿಯೂ ನಿಲ್ಲುವುದಿಲ್ಲ. ಇದು ತೂಗಾಡುತ್ತಿಲ್ಲ. ಇದು ಗಟ್ಟಿಯಾಗಿ, ಕಣ್ಣು ಮಿಟುಕಿಸದೆ, ಏನನ್ನೋ ದಿಟ್ಟಿಸುತ್ತಿದೆ. ಅವಳು ಸೂಜಿಯ ತುದಿಯಿಂದ ಗೆರೆ ಎಳೆದಂತೆ ನೋಟ ಹರಿಸಿದಳು. ಗೆರೆ ಮೈದುನನ ಸೊಂಟಕ್ಕೆ ಹೋಗಿ ಮುಟ್ಟಿತು.

"ಡಿಗರಿ, ಸ್ವಲ್ಪ ಎಡಕ್ಕೆ ಸರಿ."

ಅವನು ಸರಿದ. ಸೂಜಿಯೂ ಸರಿಯಿತು.

"ಈಗ ಬಲಕ್ಕೆ."

"ಅತ್ತಿಗೆ, ನಾನೇನು ಸಂತೆಯಲ್ಲಿ ಕುಣಿಸೋ ಕರಡೀನಾ?" ಎನ್ನುತ್ತಲೇ ಸರಿದ. ಕಟುಕನ ಹಿಂದೆ ನಾಯಿ ಹೋದಂತೆ ಸೂಜಿ ಅವನ ಹಿಂದೆ ಹೋಯಿತು. ಕಪ್ತಾನ ನೋಡಿದ. ಹುಟ್ಟು ಹಾಕುತ್ತಿದ್ದವರೂ ಕತ್ತು ಚಾಚಿ ನೋಡಿದರು.

"ಚೀಲದಲ್ಲಿ ಏನಿದೆ?" ಎಂದಳು ವಿಲ್ಮಟ್.

ಡಿಗರಿ ಸೊಂಟದ ಚೀಲಕ್ಕೆ ಕೈ ಹಾಕಿದ. ಅವನಿಗೆ ಅರ್ಥವಾದದ್ದು ಮುಖದ ಮೇಲೆ ನಿಧಾನವಾಗಿ, ಬೆಳಗಾದಂತೆ, ಕಂಡಿತು. ಹಿತ್ತಾಳೆ ಟೋಪಿಯ ಕರಿಗಲ್ಲು ಹೊರಗೆ ಬಂತು.

"ದಡದಲ್ಲಿ ಬಿಟ್ರೆ ಯಾರಾದ್ರೂ ಕದ್ದಾರು ಅಂತ…"

"ಯಾರು ಕದೀತಾರೋ ಅದನ್ನ?" ಎಂದ ಯೂಡಿ. "ಊರಲ್ಲಿ ಅದು ಬೇಕಾದವನು ನೀನೊಬ್ಬನೇ."

"ಸಮುದ್ರಕ್ಕೆ ಬಿಸಾಕು!" ಎಂದು ಕಪ್ತಾನ ಅಬ್ಬರಿಸಿದ. "ಇಗರ್ಜಿ ಕೀಲಿಕೈ ಎತ್ತೋ ಕಲ್ಲನ್ನ ದಿಕ್ಸೂಚಿ ಪಕ್ಕ ತರ್ತೀಯಾ? ನಮ್ಮನ್ನೆಲ್ಲ ಕರುವಿನ ಬಾಯಿಗೆ ಹಾಕ್ತಿದ್ದೆ!"

"ಬೇಡ, ಒಳ್ಳೆ ಕಲ್ಲು," ಎಂದಳು ವಿಲ್ಮಟ್. "ಇಟ್ಕೊಂಡಿರೋ ಜಾಗ ಸರಿ ಇಲ್ಲ, ಅಷ್ಟೆ. ಹೋಗಪ್ಪ, ಮುಂದೆ ಹೋಗಿ ಕೂತ್ಕೋ. ಆದಷ್ಟು ಮುಂದೆ. ಬಿದ್ದುಹೋಗದಷ್ಟು ಮುಂದೆ."

ಡಿಗರಿ ಮುಂತುದಿಗೆ ಹೋಗಿ ಮಂಜಿಗೆ ಮುಖ ಮಾಡಿ ಕೂತ. ಸೂಜಿ ಮೆಲ್ಲಗೆ ಹಿಂದಕ್ಕೆ ತಿರುಗಿ, ಎರಡು ಸಲ ತೂಗಿ, ಮೊದಲು ನಿಂತಲ್ಲೇ ನಿಂತಿತು. ವಿಲ್ಮಟ್ ಬೇಕೆಂದೇ ಬಗ್ಗಿ ಅದರ ಮೇಲೆ ದೀರ್ಘವಾಗಿ ಉಸಿರು ಬಿಟ್ಟಳು. ಗಾಜಿನ ಮೇಲೆ ಹಬೆ ಕೂತಿತು. ಸೂಜಿ ಕದಲಲಿಲ್ಲ. ಕಪ್ತಾನ ತೋಳಿನಿಂದ ಗಾಜು ಒರೆಸಿ ಚುಕ್ಕಾಣಿ ಒತ್ತಿದ.

ನೀರು ನೆಕ್ಕುವ ಸದ್ದು ಬಲಗಡೆ ಹಿಂದೆ ಸರಿಯಿತು. ಯೂಡಿ ತಲೆ ಓರೆ ಮಾಡಿ ಕೂತಿದ್ದ. ಆಮೇಲೆ ನೇರ ಮುಂದೆ, ಮಂಜಿನೊಳಗಿಂದ, ಕರು ಕಳೆದುಕೊಂಡ ಹಾಗೆ ಹಸು ಕೂಗಿತು.

"ಮುದಿ ಹಸು ಮನೇಲೇ ಇದೆ," ಎಂದ ಯೂಡಿ. "ಸೂಜಿ ಸರಿ ಇದೆ."

ಮಧ್ಯಾಹ್ನ ಸಭೆ ಮತ್ತೆ ಅಟ್ಟದಲ್ಲಿ ಸೇರಿತು. ದೋಣಿಯಲ್ಲಿ ನಡೆದದ್ದನ್ನು ಕಪ್ತಾನ ಹೇಳಿದ. ಅವನ ಹೇಳಿಕೆಯಲ್ಲಿ ಚೀರಿದ ಭಾಗ ಇರಲಿಲ್ಲ. ಪಾದ್ರಿ ಟ್ರೆಫ್ರಿ ಕಣ್ಣು ಮುಚ್ಚಿ ಕೇಳಿ, ಸಂತೋಷದಿಂದ ಕಣ್ಣು ತೆರೆದರು. ಅವರಿಗೆ ಎಲ್ಲವೂ ಹೊಂದಿಕೊಂಡಿತ್ತು.

"ಇದರಿಂದ ಸಿದ್ಧವಾಗೋದು ಏನು? ಬೆಳ್ಳುಳ್ಳಿಗೆ ಜಗ್ಗದ ಕಲ್ಲು ಲೋಕದಲ್ಲಿ ಅಪರೂಪ. ಅಂಥದೊಂದು ನಮ್ಮ ಬಂದರಿಗೆ ಒಲಿದಿದೆ. ಉಳಿದ ಕಲ್ಲುಗಳ ವಿಷಯದಲ್ಲಿ ಶಾಸ್ತ್ರ ಹೇಳಿದ್ದೇ ಸರಿ."

"ಯಾವ ಕಲ್ಲಿಗೂ ಏನೂ ಆಗಲ್ಲ, ಪಾದ್ರಿಗಳೇ," ಎಂದಳು ವಿಲ್ಮಟ್. "ಡಿಗರಿ ಕಲ್ಲಿಗೂ ಹಚ್ಚಿ ನೋಡಿ. ಈಗಲೇ ನೋಡಿ, ನಾನೇ ಅರೆದು ಕೊಡ್ತೀನಿ. ಚುಕ್ಕಾಣಿಯವರು ಪಾಪ, ಸುಮ್ಮಸುಮ್ಮನೆ ಸಪ್ಪೆ ಗಂಜಿ ಕುಡೀತಿದಾರೆ…"

ಯೂಡಿ ಅವಳ ಕಡೆ ಬಾಗಿ ಮೆಲ್ಲಗೆ ಹೇಳಿದ: "ವಿಲ್ಮಟ್, ಗೆದ್ದಿದೀಯ. ಇನ್ನೂ ಗೆಲ್ಲೋಕೆ ಹೋಗಬೇಡ."

ವಿಲ್ಮಟ್ ಅಟ್ಟದಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಕಪ್ತಾನ ಅವಳ ಕಲ್ಲಿನತ್ತ, ಇಗರ್ಜಿಯಲ್ಲಿ ಮಾತ್ರ ತೋರುವ ಮುಖಭಾವದಿಂದ ನೋಡುತ್ತಿದ್ದ. ನೆರೆಯ ಬಂದರುಗಳವರು ಇನ್ನು ತಮ್ಮ ಸೂಜಿಗಳನ್ನು ಎಲ್ಲಿಗೆ ತರುತ್ತಾರೆ ಎಂದು ತಿಳಿಯಲು ಅವಳಿಗೆ ಲ್ಯಾಟಿನ್ ಬೇಕಾಗಿರಲಿಲ್ಲ. ಅವಳು ಕಲ್ಲನ್ನು ಒರೆಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ, ಕೂತಳು.

ಕಪ್ತಾನ ರೌಸ್‌ನ ಹಡಗು ಶನಿವಾರ ಸಮುದ್ರದ ಇಳಿತದಲ್ಲಿ ಆ ಸೂಜಿಯನ್ನೇ ಇಟ್ಟುಕೊಂಡು ಹೊರಟಿತು. ಚುಕ್ಕಾಣಿಯವರ ಮೇಲಿನ ನಿಷೇಧ ಹಾಗೆಯೇ ಮುಂದುವರಿಯಿತು. ಸೂಜಿ ತಿಕ್ಕುವ ಹಕ್ಕು ವಿಲ್ಮಟ್ ಹಿಕ್ಸ್‌ಳ ಬಳಿ ಉಳಿಯಿತು.